ಕ್ರೈಸ್ತ ಶ್ರದ್ಧೆಯಲ್ಲಿ ನರಾವತಾರದ ಅರ್ಥ

ದೇವರು ಮನುಷ್ಯನಾಗಿ ಬಂದನೆಂಬ ಮಾತು ಕನ್ನಡಿಗರ ಕಿವಿಗೆ ಹೊಸದಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ, ಹರಿಕಥೆಯ ಚಪ್ಪರದಲ್ಲಿ, ಗಮಕಿಗಳ ವಾಚನದಲ್ಲಿ ರಾಮ ಕೃಷ್ಣರ ಕಥೆಗಳನ್ನು ಕೇಳುತ್ತ ಬೆಳೆದ ನಮಗೆ ಅವತಾರವೆಂಬುದು ಬಾಲ್ಯದಿಂದಲೇ ಬಂದ ಸೊತ್ತು. ಆದಕಾರಣ ನೆರೆಮನೆಯ ಕ್ರೈಸ್ತ ಬಾಂಧವರು ಕ್ರಿಸ್‌ಮಸ್ ಕಾಲದಲ್ಲಿ ಗೋದಲಿಯನ್ನು ಕಟ್ಟಿ, ಹುಲ್ಲಿನ ಮೇಲೆ ಶಿಶುವನ್ನು ಮಲಗಿಸಿ, ‘ದೇವರು ನರನಾದನು’ ಎಂದಾಗ ಅದು ನಮಗೆ ತಟ್ಟನೆ ತಿಳಿದುಬಿಟ್ಟಂತಾಗುತ್ತದೆ. ಹತ್ತು ಅವತಾರಗಳ ಪಟ್ಟಿಗೆ ಇನ್ನೊಂದು ಸೇರಿತೆಂದು ನಾವು ಗೌರವದಿಂದಲೇ ಕೈಮುಗಿಯುತ್ತೇವೆ. ಆ ಗೌರವ ಒಳ್ಳೆಯದೇ. ಆದರೆ ಬೇಗನೆ ತಿಳಿದದ್ದನ್ನು ಕುರಿತು ಮತ್ತೆ ವಿಚಾರಿಸುವ ಗೋಜಿಗೆ ನಾವು ಹೋಗುವುದಿಲ್ಲ. ದೇವರು ಮನುಷ್ಯನಾದನೆಂದರೆ ಆತನು ಏನನ್ನು ಬಿಟ್ಟುಕೊಟ್ಟನು, ಏನನ್ನು ಉಳಿಸಿಕೊಂಡನು, ಮತ್ತು ಹಾಗೆ ನಂಬುವವರಿಂದ ಆ ನಂಬಿಕೆ ಏನನ್ನು ಬೇಡುತ್ತದೆ ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಈ ಲೇಖನದಲ್ಲಿ ಅವುಗಳನ್ನು ಸ್ವಲ್ಪ ವಿವರವಾಗಿ ನೋಡಬಯಸುತ್ತೇವೆ.

ಮೊದಲು ಪದದ ವಿಚಾರ. ಹೊಸ ಒಡಂಬಡಿಕೆಯ ನಾಲ್ಕನೆಯ ಸುವಾರ್ತೆಯಾದ ಯೋಹಾನನ ಗ್ರಂಥದ ಮೊದಲ ಅಧ್ಯಾಯದ ಹದಿನಾಲ್ಕನೆಯ ವಚನವು ಈ ಸಿದ್ಧಾಂತಕ್ಕೆ ಮೂಲ. ಗ್ರೀಕ್ ಭಾಷೆಯ ಆ ವಾಕ್ಯದಲ್ಲಿ ದೇವರ ‘ಲೋಗೋಸ್’, ಅಂದರೆ ವಾಕ್ಯ ಅಥವಾ ವಾಣಿ, ‘ಸಾರ್ಕ್ಸ್’ ಆಯಿತೆಂದು ಹೇಳಿದೆ. ಸಾರ್ಕ್ಸ್ ಎಂದರೆ ಮಾಂಸ. ‘ಮನುಷ್ಯ’ ಎನ್ನಲು ಬೇರೆ ಪದ ಗ್ರೀಕಿನಲ್ಲಿ ಇತ್ತು. ‘ದೇಹ’ ಎನ್ನಲೂ ಇತ್ತು. ಇವೆರಡನ್ನೂ ಬಿಟ್ಟು ಬರೆದವನು ಆರಿಸಿಕೊಂಡದ್ದು ದಣಿಯುವ, ಹಸಿಯುವ, ಗಾಯಗೊಳ್ಳುವ, ಕೊನೆಗೆ ಕೊಳೆಯುವ ವಸ್ತುವಿನ ಹೆಸರನ್ನು. ಲ್ಯಾಟಿನ್‌ನಿಂದ ಬಂದ ‘ಇನ್‌ಕಾರ್ನೇಷನ್’ ಎಂಬ ಪದದ ಒಳಗೂ ಮಾಂಸವೆಂಬ ಅರ್ಥವೇ ಇದೆ. ನಮ್ಮ ಹಳೆಯ ಕನ್ನಡ ಬೈಬಲ್ ಇಲ್ಲಿ ‘ನರಾವತಾರ’ ಎಂಬ ಪದವನ್ನು ಬಳಸಿತು. ಬಹುಕಾಲದಿಂದ ಬಳಕೆಯಲ್ಲಿರುವ ಮಲಯಾಳ ಅನುವಾದವಾದರೋ ‘ಜಡ’ ಎಂಬ ಪದವನ್ನು ಹಿಡಿಯಿತು. ಎರಡು ಭಾಷೆಗಳ ನಡುವೆ ಬಾಳುವ ಕಾಸರಗೋಡಿನ ಕನ್ನಡಿಗರಿಗೆ ಈ ವ್ಯತ್ಯಾಸ ಕಣ್ಣಿಗೆ ಬೀಳದಿರದು. ಕನ್ನಡದ ಪದ ಕೇಳುವವನನ್ನು ಪರಿಚಿತವಾದ ಪುರಾಣಲೋಕಕ್ಕೆ ಕರೆದೊಯ್ಯುತ್ತದೆ. ಮಲಯಾಳದ ಪದ ಅವನನ್ನು ಮಣ್ಣಿನ ಮೇಲೆಯೇ ನಿಲ್ಲಿಸುತ್ತದೆ. ಒಂದು ಆತ್ಮೀಯ, ಇನ್ನೊಂದು ಒರಟು. ಮೂಲದ ಪದ ಒರಟಾದುದೇ ಆಗಿತ್ತೆಂಬುದನ್ನು ನಾವು ಮರೆಯಬಾರದು.

ಸುವಾರ್ತೆಗಳು ಚಿತ್ರಿಸುವ ಯೇಸುವಿನ ಬಾಳು ಆ ಒರಟು ಪದಕ್ಕೆ ತಕ್ಕಂತೆಯೇ ಇದೆ. ಛತ್ರದಲ್ಲಿ ಸ್ಥಳ ದೊರೆಯದೆ ಹುಟ್ಟಿದ ಕೂಸನ್ನು ದನಗಳ ಮೇವಿನ ತೊಟ್ಟಿಯಲ್ಲಿ ಮಲಗಿಸಿದರು. ಬಾಲಕನು ಜ್ಞಾನದಲ್ಲಿಯೂ ಎತ್ತರದಲ್ಲಿಯೂ ಬೆಳೆದನೆಂದು ಲೂಕನು ಬರೆಯುತ್ತಾನೆ. ಬೆಳೆಯಬೇಕಾದರೆ ಮೊದಲು ಕಡಿಮೆ ಇರಬೇಕಲ್ಲವೆ? ನಡೆದು ದಣಿದು ಸಮಾರ್ಯದ ಬಾವಿಯ ಬಳಿ ಕುಳಿತು ಆತನು ಒಬ್ಬ ಹೆಂಗಸಿನಲ್ಲಿ ನೀರು ಬೇಡಿದನು. ಬಿರುಗಾಳಿಯ ನಡುವೆ ದೋಣಿಯಲ್ಲಿ ನಿದ್ದೆಹೋದನು. ಗೆಳೆಯ ಲಾಜರನ ಸಮಾಧಿಯ ಮುಂದೆ ಅತ್ತನು. ಕಡೆಯ ದಿನ ಯಾವಾಗ ಬರುವುದೆಂಬುದು ತನಗೂ ತಿಳಿಯದೆಂದು ಆತನು ಹೇಳಿದುದನ್ನು ಮಾರ್ಕನು ಮುಚ್ಚಿಡದೆ ದಾಖಲಿಸಿದ್ದಾನೆ. ಗೆತ್ಸೆಮನೆಯ ತೋಟದಲ್ಲಿ ಸಾವಿಗೆ ಅಂಜಿ ಪ್ರಾರ್ಥಿಸಿದನು. ಶಿಲುಬೆಯ ಮೇಲೆ, ದೇವರು ತನ್ನನ್ನು ಏಕೆ ಕೈಬಿಟ್ಟನೆಂದು ತನ್ನ ತಾಯ್ನುಡಿಯಾದ ಅರಮಾಯಿಕ್ ಭಾಷೆಯಲ್ಲಿ ಕೂಗಿದನು. ಗ್ರೀಕಿನಲ್ಲಿ ಬರೆದ ಮಾರ್ಕನು ಆ ಕೂಗನ್ನು ತಾಯ್ನುಡಿಯ ಶಬ್ದಗಳಲ್ಲಿಯೇ ಉಳಿಸಿಕೊಟ್ಟಿದ್ದಾನೆ.

ಇಂತಹ ದೇವರನ್ನು ಒಪ್ಪುವುದು ಆದಿಯ ಕ್ರೈಸ್ತರಿಗೂ ಸುಲಭವಾಗಲಿಲ್ಲ. ಅವರಲ್ಲಿ ಕೆಲವರು ದೇವರ ಗೌರವವನ್ನು ಕಾಯಲೆಂದು ಒಂದು ಉಪಾಯವನ್ನು ಕಂಡುಕೊಂಡರು. ಕ್ರಿಸ್ತನ ದೇಹ ಬರಿಯ ತೋರಿಕೆ, ಆತನು ನೊಂದಂತೆ ಕಂಡನೇ ಹೊರತು ನೋಯಲಿಲ್ಲ ಎಂದರು. ಎರಡನೆಯ ಶತಮಾನದ ಆದಿಯಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನಾಷಿಯಸ್ ಇದನ್ನು ಬಲವಾಗಿ ವಿರೋಧಿಸಿದನು. ಆತನ ವಾದ ನಡೆದ ಸಂದರ್ಭ ಗಮನಾರ್ಹವಾದುದು. ಮರಣದಂಡನೆಗೆ ಗುರಿಯಾಗಿ, ಕಾಡುಮೃಗಗಳ ಬಾಯಿಗೆ ಬೀಳಲು, ಸಂಕೋಲೆಯಲ್ಲಿ ರೋಮಿಗೆ ಸಾಗುತ್ತಿದ್ದಾಗ ಆತನು ಸಭೆಗಳಿಗೆ ಪತ್ರಗಳನ್ನು ಬರೆದನು. ಕ್ರಿಸ್ತನ ನೋವು ತೋರಿಕೆಯದಾದರೆ ತಾನು ಈ ಸಂಕೋಲೆಯನ್ನು ಹೊತ್ತಿರುವುದಾದರೂ ಏತಕ್ಕೆ ಎಂಬುದು ಆತನ ಪ್ರಶ್ನೆಯ ಸಾರ. ಬೇಡಿ ತೊಟ್ಟ ಕೈಗೆ ತೋರಿಕೆಯ ದೇವರಿಂದ ಪ್ರಯೋಜನವಿಲ್ಲ. ಈ ಸಿದ್ಧಾಂತದ ಬೇರು ತರ್ಕಕ್ಕಿಂತ ಹೆಚ್ಚಾಗಿ ಇಂತಹ ನೋವಿನ ನೆಲದಲ್ಲಿ ಇಳಿದಿದೆಯೆಂದು ನಾವು ಭಾವಿಸುತ್ತೇವೆ.

ಮುಂದಿನ ವಾದವಿವಾದಗಳು ದೀರ್ಘವಾದವು. ಅವುಗಳ ಸಾರವಷ್ಟೇ ಇಲ್ಲಿ ಸಾಕು. ಅಲೆಕ್ಸಾಂಡ್ರಿಯದ ಗುರು ಆರಿಯಸ್, ಮನುಷ್ಯನಾದವನು ಪರಮ ದೇವರಲ್ಲ, ದೇವರು ಸೃಷ್ಟಿಸಿದ ಶ್ರೇಷ್ಠ ಜೀವಿ ಎಂದನು. 325ರ ನೈಸೀಯ ಮಹಾಸಭೆ ಅದನ್ನು ತಳ್ಳಿಹಾಕಿ, ಮಗನು ತಂದೆಯೊಡನೆ ಏಕತತ್ತ್ವವುಳ್ಳವನೆಂದು ಸಾರಿತು. ಬಳಿಕ ಅಪೊಲ್ಲಿನಾರಿಸ್ ಎಂಬ ಬಿಷಪ್ ಕ್ರಿಸ್ತನಿಗೆ ಮಾನವ ದೇಹವಿತ್ತು, ಆದರೆ ಮಾನವ ಬುದ್ಧಿಯ ಜಾಗದಲ್ಲಿ ದಿವ್ಯ ವಾಣಿಯೇ ಇತ್ತು ಎಂದನು. ನಾಜಿಯಾನ್ಜಸ್‌ನ ಗ್ರೆಗರಿ ಕೊಟ್ಟ ಉತ್ತರದ ತಾತ್ಪರ್ಯವಿಷ್ಟು: ದೇವರು ತನ್ನದಾಗಿ ತೆಗೆದುಕೊಳ್ಳದ ಭಾಗ ವಾಸಿಯಾಗದೆಯೇ ಉಳಿಯುತ್ತದೆ. ಮನುಷ್ಯನ ಮನಸ್ಸೇ ಹೆಚ್ಚು ಕೆಟ್ಟಿರುವಾಗ ಅದನ್ನು ಬಿಟ್ಟು ದೇಹವನ್ನು ಮಾತ್ರ ಧರಿಸಿದರೆ ಆ ವೈದ್ಯನಿಂದೇನು? 451ರಲ್ಲಿ ಕಾಲ್ಸೆಡನ್ ಮಹಾಸಭೆ, ಕ್ರಿಸ್ತನು ಒಬ್ಬನೇ ವ್ಯಕ್ತಿ, ಆತನಲ್ಲಿ ದೈವ ಮಾನವ ಸ್ವಭಾವಗಳೆರಡೂ ಬೆರೆಯದೆ, ಮಾರ್ಪಡದೆ, ಒಡೆಯದೆ, ಅಗಲದೆ ಇವೆ ಎಂದು ನಿರ್ಣಯಿಸಿತು. ನಾಲ್ಕು ನಿಷೇಧಗಳಲ್ಲಿ ಹೇಳಿದ ಈ ಸೂತ್ರ ಗುಟ್ಟನ್ನು ಬಿಡಿಸುವ ಬದಲು ಅದರ ಸುತ್ತ ಬೇಲಿ ಹಾಕಿತು. ಎಲ್ಲರೂ ಇದನ್ನು ಒಪ್ಪಿದರೆಂದಲ್ಲ. ಕೇರಳದ ಮಲಂಕರ ಸುರಿಯಾನಿ ಆರ್ಥಡಾಕ್ಸ್ ಸಭೆಗಳು ಕಾಲ್ಸೆಡನ್ ಸೂತ್ರವನ್ನು ಸ್ವೀಕರಿಸದ ಪರಂಪರೆಗೆ ಸೇರಿದವು. ದೈವವೂ ಮಾನವವೂ ಕೂಡಿ ಒಂದಾದ ಏಕಸ್ವಭಾವವೆಂಬುದು ಅವರ ನಿಲುವು. ಆದರೂ ಮಾನವತ್ವ ಪೂರ್ಣವಾದುದು, ನಿಜವಾದುದು ಎಂಬಲ್ಲಿ ಇವರೆಲ್ಲರಿಗೂ ಸಹಮತವಿದೆ.

ಈಗ ನಮ್ಮ ಅವತಾರ ಕಲ್ಪನೆಯ ಬಳಿಗೆ ಬರೋಣ. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಭಗವಂತನು ಧರ್ಮಗ್ಲಾನಿಯ ಕಾಲದಲ್ಲಿ ಯುಗಯುಗಕ್ಕೂ ತಾನು ಪ್ರಕಟವಾಗುವುದಾಗಿ ಹೇಳುತ್ತಾನೆ. ಕಾರ್ಯ ಮುಗಿದೊಡನೆ ಅವತಾರ ಸಮಾಪ್ತಿಯಾಗುತ್ತದೆ. ಕರಾವಳಿಯ ಮಣ್ಣಿನಲ್ಲಿ ಬೆಳೆದ ಮಧ್ವಸಿದ್ಧಾಂತದಲ್ಲಿ ಇದು ಅತ್ಯಂತ ಸ್ಪಷ್ಟ. ಅವತಾರರೂಪಕ್ಕೂ ಮೂಲರೂಪಕ್ಕೂ ಎಳ್ಳಷ್ಟೂ ಭೇದವಿಲ್ಲ. ಆ ದೇಹ ಪ್ರಕೃತಿಯಿಂದ ಆದುದಲ್ಲ. ಸೀತೆಯನ್ನು ಕಳೆದುಕೊಂಡ ರಾಮನ ದುಃಖ ಲೋಕಕ್ಕೆ ತೋರಿದ ವಿಡಂಬನೆ, ದೋಷರಹಿತನಾದ ಹರಿಗೆ ದುಃಖವೆಲ್ಲಿಯದು? ದೇವರ ಪೂರ್ಣತೆಯನ್ನು ಕಾಯುವ ಈ ನಿಲುವು ತನ್ನ ನೆಲೆಯಲ್ಲಿ ಸುಸಂಗತವಾದುದು, ಘನವಾದುದು. ಕ್ರೈಸ್ತ ಶ್ರದ್ಧೆ ಇಲ್ಲಿ ಬೇರೊಂದು ದಾರಿಯನ್ನು ಹಿಡಿಯಿತು. ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ, ದೇವಸ್ವರೂಪನಾಗಿದ್ದವನು ತನ್ನನ್ನು ತಾನೇ ಬರಿದುಮಾಡಿಕೊಂಡು ದಾಸನ ರೂಪವನ್ನು ಹೊಂದಿದನೆಂಬ ಮಾತಿದೆ. ಪೂರ್ಣತೆಯನ್ನು ಬಿಗಿಯಾಗಿ ಹಿಡಿದುಕೊಳ್ಳದಿರುವುದೇ ದೇವರ ಪೂರ್ಣತೆಯೆಂದು ಅದು ನಂಬಿತು. ಎರಡು ದಾರಿಗಳಲ್ಲಿ ಯಾವುದು ಮೇಲು ಯಾವುದು ಕೀಳು ಎಂದು ತೂಗುವ ಉದ್ದೇಶ ನಮಗಿಲ್ಲ. ಎರಡೂ ಒಂದೇ ಎಂದುಬಿಟ್ಟರೆ ಮಾತ್ರ ಎರಡಕ್ಕೂ ಅನ್ಯಾಯ ಮಾಡಿದಂತಾಗುತ್ತದೆ.

ಇನ್ನೊಂದು ಭೇದವೂ ಇದೆ. ಪುನರುತ್ಥಾನದ ಬಳಿಕ ಶಿಷ್ಯರಿಗೆ ಕಾಣಿಸಿಕೊಂಡ ಕ್ರಿಸ್ತನ ಕೈಗಳಲ್ಲಿ ಮೊಳೆಯ ಗಾಯಗಳಿದ್ದವು. ಸಂದೇಹಪಟ್ಟ ತೋಮನಿಗೆ ಆತನು ತೋರಿಸಿದ ಗುರುತು ಆ ಗಾಯವೇ. ವೇಷ ಕಳಚುವಂತೆ ಆತನು ದೇಹವನ್ನು ಕಳಚಿಟ್ಟು ಹೋಗಲಿಲ್ಲ. ಒಮ್ಮೆ ತೊಟ್ಟ ಮಾನವತ್ವ ಎಂದೆಂದಿಗೂ ದೇವರದಾಯಿತೆಂದು ಕ್ರೈಸ್ತರು ನಂಬುತ್ತಾರೆ. ಮದರಾಸಿನ ಚಿಂತಕ ವೆಂಗಲ ಚಕ್ಕರೈ (1880-1958) ಅವರು ಯೇಸುವನ್ನು ಅವತಾರವೆಂದೇ ಕರೆದು, ಅದೇ ಸಮಯದಲ್ಲಿ ಇದು ಮುಗಿಯದ ಅವತಾರವೆಂದು ವಾದಿಸಿದರು. ಭಾರತೀಯ ಪದವನ್ನು ಬಿಡದೆ ಅದಕ್ಕೆ ಹೊಸ ಅರ್ಥವನ್ನು ತುಂಬಿದ ಪ್ರಯತ್ನವದು. ಕನ್ನಡದ ‘ನರಾವತಾರ’ವನ್ನೂ ನಾವು ಹಾಗೆಯೇ ಓದಬಹುದು.

ಆಕ್ಷೇಪಗಳಿಲ್ಲದಿಲ್ಲ. ನಮ್ಮ ಮುಸ್ಲಿಂ ಬಾಂಧವರ ದೃಷ್ಟಿಯಲ್ಲಿ ಏಕೈಕನೂ ನಿರುಪಮನೂ ಆದ ದೇವರನ್ನು ಹುಟ್ಟುಸಾವುಗಳಿಗೆ ಒಳಪಡಿಸುವುದು ಆತನ ಘನತೆಗೆ ಕುಂದು. ಹುಟ್ಟಿಲ್ಲದ, ಸಾವಿಲ್ಲದ ಲಿಂಗತತ್ತ್ವವನ್ನು ಹಿಡಿದ ಶರಣರೂ ಹುಟ್ಟಿ ಸಾಯುವ ದೈವಗಳನ್ನು ಒಪ್ಪಲಿಲ್ಲ. ಇವು ಹಗುರವಾದ ಆಕ್ಷೇಪಗಳಲ್ಲ. ದೇವರನ್ನು ಮನುಷ್ಯನ ಅಳತೆಗೆ ಇಳಿಸಿ ವಿಗ್ರಹ ಮಾಡಿಕೊಳ್ಳುವ ಅಪಾಯ ಯಾವ ಧರ್ಮಕ್ಕೂ ತಪ್ಪಿದ್ದಲ್ಲ. ಮತ್ತೊಂದು ಆಕ್ಷೇಪ ಆಧುನಿಕರದು. ಎಲ್ಲರ ದೇವರು ಒಂದೇ ಕಾಲದಲ್ಲಿ, ಒಂದೇ ಊರಿನಲ್ಲಿ, ಒಂದೇ ಜನಾಂಗದಲ್ಲಿ ಏಕೆ ಹುಟ್ಟಬೇಕು? ಇದು ಪಕ್ಷಪಾತವಲ್ಲವೆ?

ಈ ಕೊನೆಯ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ಸುಲಭವಲ್ಲ. ಆದರೆ ಗಡಿನಾಡಿನವರಾದ ನಮಗೆ ಇಲ್ಲಿ ಒಂದು ವಿಷಯ ಹೊಳೆಯುತ್ತದೆ. ಮನುಷ್ಯನೆಂಬವನು ಸಾಮಾನ್ಯನಾಗಿ ಎಲ್ಲಿಯೂ ಹುಟ್ಟುವುದಿಲ್ಲ. ಯಾವುದೋ ತಾಯಿಗೆ, ಯಾವುದೋ ಊರಿನಲ್ಲಿ, ಯಾವುದೋ ಭಾಷೆಗೆ ಹುಟ್ಟುತ್ತಾನೆ. ಊರಿಲ್ಲದ, ನುಡಿಯಿಲ್ಲದ ಮನುಷ್ಯನಾಗುವುದೆಂದರೆ ಮನುಷ್ಯನಾಗದಿರುವುದೇ. ಯೇಸು ಬೆಳೆದ ನಜರೇತ್ ಗಲಿಲಾಯ ಸೀಮೆಯ ಒಂದು ಸಣ್ಣ ಊರು. ಅಲ್ಲಿಂದ ಒಳ್ಳೆಯದೇನಾದರೂ ಬಂದೀತೇ ಎಂದು ನತಾನಯೇಲನು ಮೂಗುಮುರಿದುದು ಯೋಹಾನನ ಸುವಾರ್ತೆಯಲ್ಲಿದೆ. ಗಲಿಲಾಯದವರ ಉಚ್ಚಾರಣೆಯೂ ಬೇರೆಯಾಗಿತ್ತು. ಯೇಸುವನ್ನು ಬಂಧಿಸಿದ ರಾತ್ರಿ, ಅಂಗಳದಲ್ಲಿ ನಿಂತಿದ್ದ ಪೇತ್ರನನ್ನು ಜೆರುಸಲೇಮಿನವರು ಗುರುತುಹಿಡಿದದ್ದು ಅವನ ಮಾತಿನ ಧಾಟಿಯಿಂದ. ಶಿಷ್ಯನ ನುಡಿಯಲ್ಲಿದ್ದ ಆ ಧಾಟಿ, ಅದೇ ಸೀಮೆಯಲ್ಲಿ ಬೆಳೆದ ಗುರುವಿನ ನಾಲಗೆಯ ಮೇಲೂ ಇದ್ದಿರಬೇಕಲ್ಲವೆ? ಕಚೇರಿಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಬಾಯಿ ತೆರೆದೊಡನೆ ‘ನೀವು ಈ ಕಡೆಯವರಲ್ಲ’ ಎಂಬ ನೋಟವನ್ನು ಕಂಡು ಬಲ್ಲ ನಮಗೆ, ದೇವರ ಮಾತಿಗೂ ಒಂದು ಊರಿನ ಧಾಟಿಯಿತ್ತೆಂಬ ನಂಬಿಕೆಯ ಭಾರ ಸುಲಭವಾಗಿ ತಿಳಿದೀತು. ವಿಶೇಷವೆನಿಸುವ ಸಣ್ಣತನವನ್ನು ತೊಟ್ಟೇ ಎಲ್ಲರನ್ನೂ ತಲುಪುವ ದಾರಿಯಿದು.

ನಮ್ಮ ಪರಿಸರದ ಭಾಷೆಗಳು ಇಲ್ಲಿ ಇನ್ನೊಂದು ಬೆಳಕನ್ನು ಕೊಡುತ್ತವೆ. ಇಂದಿನ ಕನ್ನಡದಲ್ಲಿ ‘ನಾವು’ ಎಂಬುದು ಒಂದೇ. ತುಳುವಿನಲ್ಲಿ ಎರಡಿವೆ: ಕೇಳುವವನನ್ನು ಹೊರಗಿಟ್ಟು ಹೇಳುವಾಗ ‘ಎಂಕುಳು’, ಅವನನ್ನೂ ಸೇರಿಸಿಕೊಂಡು ಹೇಳುವಾಗ ‘ನಮ’. ಮಲಯಾಳದಲ್ಲಿಯೂ ಹಾಗೆಯೇ, ‘ಞಙ್ಙಳ್’ ಮತ್ತು ‘ನಮ್ಮಳ್’. ಗ್ರೀಕಿನಲ್ಲಿ ಈ ಭೇದವಿಲ್ಲ. ಆದುದರಿಂದ ಯೋಹಾನನ ಆ ಹದಿನಾಲ್ಕನೆಯ ವಚನವನ್ನು ಮಲಯಾಳಕ್ಕೆ ತರುವವರು, ವಾಣಿ ನಮ್ಮ ನಡುವೆ ವಾಸಿಸಿತೆನ್ನುವಾಗ ಯಾರ ನಡುವೆ ಎಂಬುದನ್ನು ತೀರ್ಮಾನಿಸಲೇಬೇಕಾಯಿತು. ಹಳೆಯ ಮಲಯಾಳ ಬೈಬಲಿನಲ್ಲಿ, ವಾಸಿಸಿದ್ದು ಎಲ್ಲರನ್ನೂ ಒಳಗೊಂಡ ‘ನಮ್ಮ’ ನಡುವೆ. ಆ ಮಹಿಮೆಯನ್ನು ಕಣ್ಣಾರೆ ಕಂಡವರು ಮಾತ್ರ ‘ಞಙ್ಙಳ್’, ಅಂದರೆ ಶಿಷ್ಯರು. ಕಂಡವರು ಕೆಲವರೇ; ಆದರೆ ಯಾರ ನಡುವೆ ಬಂದನೋ ಆ ಬಳಗಕ್ಕೆ ಓದುವವನೂ ಸೇರಿದ್ದಾನೆ. ಕನ್ನಡದ ಕಣ್ಣಿಗೆ ಕಾಣದ ಈ ಸೂಕ್ಷ್ಮ ಪಕ್ಕದ ಮನೆಯ ಭಾಷೆಯಿಂದ ನಮಗೆ ಗೋಚರವಾಗುತ್ತದೆ. ನರಾವತಾರದ ಅರ್ಥವನ್ನು ಒಂದೇ ಮಾತಿನಲ್ಲಿ ಹೇಳಬೇಕಾದರೆ ಹೀಗೆ ಹೇಳಬಹುದು: ಮನುಷ್ಯರನ್ನು ‘ನೀವು’ ಎಂದು ಕರೆಯುತ್ತಿದ್ದ ದೇವರು ‘ನಮ’ ಎಂಬ ಮಾತಿನೊಳಗೆ ಬಂದನು.

ಈ ವ್ಯಾಕರಣ ಬಾಳಿನಲ್ಲಿ ಹೇಗಿರುತ್ತದೆಂಬುದಕ್ಕೆ ಬೆಲ್ಜಿಯಂ ದೇಶದ ಪಾದ್ರಿ ದಾಮಿಯನ್ (1840-1889) ಅವರ ಬದುಕು ಸಾಕ್ಷಿ. ಹವಾಯಿ ದ್ವೀಪಗಳಲ್ಲಿ ಕುಷ್ಠರೋಗಿಗಳನ್ನು ಮನೆಮಠಗಳಿಂದ ಬೇರ್ಪಡಿಸಿ ಮೊಲೊಕಾಯಿ ದ್ವೀಪದ ಒಂದು ಮೂಲೆಗೆ ಅಟ್ಟಲಾಗುತ್ತಿತ್ತು. ಒಂದೆಡೆ ಕಡಿದಾದ ಬೆಟ್ಟ, ಉಳಿದ ಕಡೆ ಕಡಲು. 1873ರಲ್ಲಿ ದಾಮಿಯನ್ ಅಲ್ಲಿಗೆ ಹೋಗಿ ನೆಲೆಸಿದರು. ಅವರ ಹುಣ್ಣುಗಳನ್ನು ತೊಳೆದರು, ಮನೆಗಳನ್ನು ಕಟ್ಟಿದರು, ಸತ್ತವರಿಗೆ ಪೆಟ್ಟಿಗೆ ಮಾಡಿ ಹೂಳಿದರು. ಹೋದ ವರ್ಷವೇ ತಮ್ಮ ಅಣ್ಣನಿಗೆ ಬರೆದ ಪತ್ರದಲ್ಲಿ, ಉಪದೇಶ ಮಾಡುವಾಗ ಸಹೋದರರೇ ಎಂದು ಕರೆಯುವ ಬದಲು ಕುಷ್ಠರೋಗಿಗಳಾದ ನಾವು ಎಂದೇ ಹೇಳುವುದಾಗಿ ಅವರು ತಿಳಿಸಿದ್ದಾರೆ. ಆಗ ಅವರ ಮೈಯಲ್ಲಿ ರೋಗವಿರಲಿಲ್ಲ. ಹಲವು ವರ್ಷಗಳ ಬಳಿಕ ರೋಗ ಅವರಿಗೂ ತಗಲಿತು. ಅದರಿಂದಲೇ 1889ರಲ್ಲಿ ತೀರಿಕೊಂಡರು. ಮೊದಲು ಸರ್ವನಾಮವನ್ನು ಬದಲಿಸಿದರು, ಮೈ ಅದನ್ನು ಹಿಂಬಾಲಿಸಿತು. ‘ನೀವು’ ಎಂದು ಹೇಳುತ್ತ ಮಾಡುವ ಸೇವೆಗೂ ‘ನಾವು’ ಎಂದು ಹೇಳುತ್ತ ಮಾಡುವ ಸೇವೆಗೂ ಎಷ್ಟು ಅಂತರವಿದೆಯೆಂಬುದನ್ನು ಸಂಘಸಂಸ್ಥೆಗಳಲ್ಲಿ ದುಡಿಯುವ ನಾವೆಲ್ಲರೂ ಯೋಚಿಸತಕ್ಕದ್ದು.

ಈ ತತ್ತ್ವವನ್ನು ಸಾರಿದವರೇ ಅದಕ್ಕೆ ವಿರುದ್ಧವಾಗಿ ನಡೆದುದೂ ಇತಿಹಾಸದಲ್ಲಿದೆ. ಗೋವೆಯ ಉದಾಹರಣೆ ನಮಗೆ ಹತ್ತಿರದ್ದು. 1579ರಲ್ಲಿ ಅಲ್ಲಿಗೆ ಬಂದ ಇಂಗ್ಲೆಂಡಿನ ಜೆಸ್ವಿಟ್ ಪಾದ್ರಿ ತೋಮಸ್ ಸ್ಟೀಫನ್ಸ್ ನೆಲದ ನುಡಿಗಳನ್ನು ಕಲಿತು, ಕ್ರಿಸ್ತನ ಚರಿತ್ರೆಯನ್ನು ಮರಾಠಿಯ ಓವಿ ಛಂದಸ್ಸಿನಲ್ಲಿ ‘ಕ್ರಿಸ್ತಪುರಾಣ’ವಾಗಿ ರಚಿಸಿದನು, ಅದು 1616ರಲ್ಲಿ ಅಚ್ಚಾಯಿತು. ಆದರೆ ಅದೇ ಗೋವೆಯಲ್ಲಿ 1684ರಲ್ಲಿ ಪೋರ್ಚುಗೀಸ್ ವೈಸರಾಯ್, ಜನರು ಮೂರು ವರ್ಷಗಳೊಳಗೆ ತಮ್ಮ ನುಡಿಯನ್ನು ತೊರೆದು ಪೋರ್ಚುಗೀಸನ್ನೇ ಆಡಬೇಕೆಂದು ಆಜ್ಞೆ ಹೊರಡಿಸಿದನು. ಶಿಲುಬೆಯ ಮೇಲೂ ತಾಯ್ನುಡಿಯಲ್ಲಿ ಕೂಗಿದವನ ಹೆಸರನ್ನು ಹೊತ್ತವರು ಇನ್ನೊಬ್ಬರ ತಾಯ್ನುಡಿಯನ್ನು ಕಿತ್ತುಕೊಳ್ಳಹೊರಟರು. ಆಜ್ಞೆ ಗೆಲ್ಲಲಿಲ್ಲ, ಕೊಂಕಣಿ ಉಳಿಯಿತು. ನರಾವತಾರದ ತತ್ತ್ವವನ್ನು ಅರಿತವನು ಸ್ಟೀಫನ್ಸನೋ ವೈಸರಾಯನೋ ಎಂದು ಕೇಳಿದರೆ ಉತ್ತರಕ್ಕೆ ಯೋಚಿಸಬೇಕಾಗಿಲ್ಲ. ಕನ್ನಡ ನಾಡಿನಲ್ಲಿ ಸ್ಟೀಫನ್ಸನ ದಾರಿಯನ್ನು ಹಿಡಿದವರು ದೊರೆತುದು ನಮ್ಮ ಭಾಗ್ಯ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ನಮ್ಮ ನುಡಿಯ ಒಂದೊಂದು ಪದದ ಮುಂದೆಯೂ ವಿದ್ಯಾರ್ಥಿಯಂತೆ ಕುಳಿತು, 1894ರಲ್ಲಿ ಪ್ರಕಟವಾದ ಮಹಾನಿಘಂಟನ್ನು ನಮಗೆ ಕೊಟ್ಟರು. ಇನ್ನೊಬ್ಬರ ನುಡಿಗೆ ತಲೆಬಾಗುವುದೂ ತನ್ನನ್ನು ಬರಿದುಮಾಡಿಕೊಳ್ಳುವ ಒಂದು ಬಗೆ.

ನಂಬಿಕೆಯ ಎಲ್ಲೆಯ ಆಚೆಗೂ ಈ ಕಥೆ ಮನಸ್ಸನ್ನು ಹಿಡಿಯಬಲ್ಲದೆಂಬುದಕ್ಕೆ ನಮ್ಮ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈ (1883-1963) ಅವರೇ ಸಾಕ್ಷಿ. ಕ್ರೈಸ್ತರಲ್ಲದ ಅವರು ಕ್ರಿಸ್ತನ ಕಡೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಕಾವ್ಯವನ್ನು ಬರೆದರು. ಬುದ್ಧನ ಕಡೆಯ ದಿನವನ್ನು ಕುರಿತು ‘ವೈಶಾಖಿ’ಯನ್ನು ಬರೆದರು. ಪವಾಡಗಳನ್ನಾಗಲಿ ಉಪದೇಶಗಳನ್ನಾಗಲಿ ಬಿಟ್ಟು ಸಾವಿನ ದಿನವನ್ನು ಅವರು ವಸ್ತುವಾಗಿ ಆರಿಸಿಕೊಂಡುದು ಅರ್ಥಪೂರ್ಣ. ಮಹಾಪುರುಷರು ನಮ್ಮವರಾಗುವುದು ಸಾಯುವಾಗ. ಸಾವು ಎಲ್ಲರನ್ನೂ ಒಳಗೊಳ್ಳುವ ‘ನಮ’.

ಕೊನೆಯದಾಗಿ, ಈ ನಂಬಿಕೆಯನ್ನು ಒಪ್ಪುವವರಿಗೂ ಒಪ್ಪದವರಿಗೂ ಸಮಾನವಾದ ಒಂದು ನೈತಿಕ ಪ್ರಶ್ನೆ ಉಳಿಯುತ್ತದೆ. ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದ ಪ್ರಕಾರ, ಕಡೆಯ ತೀರ್ಪಿನಂದು ರಾಜನು ಕೇಳುವುದು ಸಿದ್ಧಾಂತವನ್ನಲ್ಲ. ಹಸಿದವನಿಗೆ ಅನ್ನ ಕೊಟ್ಟಿರಾ, ಪರದೇಶಿಯನ್ನು ಮನೆಯೊಳಗೆ ಸೇರಿಸಿಕೊಂಡಿರಾ, ಸೆರೆಯಲ್ಲಿದ್ದವನನ್ನು ಕಾಣಹೋದಿರಾ ಎಂದು. ಏಕೆಂದರೆ ಆ ಹಸಿದವನು, ಆ ಪರದೇಶಿ, ತಾನೇ ಎಂದು ಆತನು ಹೇಳುತ್ತಾನೆ. ದೇವರು ಮಾಂಸವನ್ನು ಧರಿಸಿದನೆಂದು ನಂಬಿದ ಮೇಲೆ ಯಾವ ಮನುಷ್ಯನ ಮೈಯನ್ನೂ ಮುಟ್ಟಬಾರದ್ದೆಂದು ಎಣಿಸಲಾಗದು. ಯಾರ ಮಾತಿನ ಧಾಟಿಯನ್ನೂ ಹೀಗಳೆಯಲಾಗದು. ಈ ದೇಶದ ಚರ್ಚುಗಳಲ್ಲಿಯೂ ಜಾತಿಯ ಗೆರೆಗಳು ಅಳಿಯದೆ ಉಳಿದಿವೆಯೆಂಬುದು ಈ ತತ್ತ್ವದ ಮುಂದೆ ನಿಂತ ದೊಡ್ಡ ಅಪವಾದ. ನಮ್ಮ ಮಠಮಂದಿರಗಳ ಮುಂದೆಯೂ ಅದೇ ಅಪವಾದವಿದೆ.

ಗಡಿನಾಡಿನ ಕನ್ನಡಿಗರು ‘ನಾವು’ ಎಂಬ ಪದವನ್ನು ಪ್ರತಿದಿನವೂ ಬಳಸುತ್ತೇವೆ. ನಮ್ಮ ನುಡಿ, ನಮ್ಮ ಶಾಲೆ, ನಮ್ಮ ಹಕ್ಕು ಎನ್ನುತ್ತೇವೆ, ಎನ್ನಲೇಬೇಕು. ಆದರೆ ಆ ‘ನಾವು’ ತುಳುವಿನ ಎಂಕುಳೋ, ತುಳುವಿನ ನಮವೋ? ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುವ ಮಲಯಾಳಿ, ಬ್ಯಾರಿ, ಕೊರಗ, ಮರಾಠಿಗರು ಅದರೊಳಗಿದ್ದಾರೆಯೇ, ಹೊರಗಿದ್ದಾರೆಯೇ? ಕನ್ನಡ ವ್ಯಾಕರಣ ಇದನ್ನು ನಮ್ಮ ತೀರ್ಮಾನಕ್ಕೆ ಬಿಟ್ಟುಕೊಟ್ಟಿದೆ. ಗೋದಲಿಯ ಹುಲ್ಲಿನ ಮೇಲೆ ಮಲಗಿದ ಶಿಶುವನ್ನು ಮುಂದಿನ ಸಲ ಕಂಡಾಗ ಕೈಮುಗಿಯುವುದರೊಂದಿಗೆ ಈ ಪ್ರಶ್ನೆಯನ್ನೂ ನಮ್ಮನ್ನು ನಾವು ಕೇಳಿಕೊಂಡರೆ, ನೆರೆಯವರ ಶ್ರದ್ಧೆಗೆ ನಾವು ಸಲ್ಲಿಸುವ ಗೌರವಕ್ಕೆ ಅರ್ಥ ಬಂದೀತು.